ಕೀ ಮಾಮನ ಗುರುವಾರ

ಏಣಿಯ ಏಳನೆಯ ಮೆಟ್ಟಿಲ ಮೇಲೆ ನಿಂತು, ಗೋಡೆಯಂಚಿನ ಗಾರೆ ಹೂವಿನ ಎರಡು ಎಸಳುಗಳ ಸಂದಿಯಲ್ಲಿ ಮೆಣಸಿನ ಕಾಳಿಗಿಂತ ಚಿಕ್ಕದಾದ ಕ್ಯಾಮೆರಾದ ಕಣ್ಣನ್ನು ಕೂರಿಸುತ್ತಿದ್ದವನಿಗೆ, ಎಲ್ಲವನ್ನೂ ಹಾಗೇ ಬಿಟ್ಟು ಇಳಿದು ಹೋಗಿಬಿಡೋಣ ಅನ್ನಿಸಿತು. ಕಾರಣವೇನೂ ಇರಲಿಲ್ಲ. ಬೆಳಿಗ್ಗೆ ತಿಂದದ್ದು ಹೊಟ್ಟೆಯಲ್ಲಿ ತಣ್ಣಗಿತ್ತು, ಹೆಂಡತಿ ಮುಖ ಊದಿಸಿಕೊಂಡಿರಲಿಲ್ಲ, ಕೈ ನಡುಗುತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಮಾಡುತ್ತ ಬಂದ ಕೆಲಸ. ಕಂಪನಿಯಲ್ಲಿ ಅವನಿಗೆ ಇರುವೆ ಎಂದೇ ಹೆಸರು. ಇರುವೆ ನುಗ್ಗುವಷ್ಟು ಸಂದಿ ಇದ್ದರೆ ಸಾಕು, ಇವನು ಅಲ್ಲಿ ತಂತಿ ಎಳೆಯುತ್ತಾನೆ ಎಂದು ಯಾರೋ ಒಮ್ಮೆ ಅಂದದ್ದು ಅಂಟಿಕೊಂಡುಬಿಟ್ಟಿತ್ತು. ಉಳಿದವರು ಅಂಗಡಿ, ಗೋದಾಮುಗಳಿಗೆ ಬಿಳೀ ಡಬ್ಬಿಯಂಥ ಕ್ಯಾಮೆರಾ ಜಡಿದು ಮಧ್ಯಾಹ್ನಕ್ಕೆಲ್ಲ ಕೈ ತೊಳೆದುಕೊಂಡರೆ, ಇರುವೆಯ ಪಾಲಿಗೆ ಬರುತ್ತಿದ್ದದ್ದು ಇಂಥ ಮನೆಗಳೇ. ನೂರೈವತ್ತು ವರ್ಷದ ಹಳೆಯ ಮನೆ. ಮರಕ್ಕೆ ಮೊಳೆ ಹೊಡೆಯುವಂತಿಲ್ಲ, ಕಲ್ಲಿಗೆ ತೂತು ಕೊರೆಯುವಂತಿಲ್ಲ. ಕಲ್ಲು ಕಲ್ಲಿನ ನಡುವಿನ ಗಾರೆಯನ್ನು ಮಾತ್ರ, ಅದನ್ನೂ ನಾಳೆ ಬೇಡವೆಂದರೆ ಗುರುತಿಲ್ಲದಂತೆ ಮುಚ್ಚಲು ಬರುವ ಹಾಗೆ, ಕಿವಿ ಕೆರೆದಷ್ಟು ಮೆತ್ತಗೆ ಕೆರೆಯಬೇಕು. ತಂತಿಗೆ ಗೋಡೆಯ ಬಣ್ಣ ಬಳಿಯಬೇಕು. ಗೋಡೆಯ ಬಣ್ಣವೆಂದರೆ ಅಂಗಡಿಯಲ್ಲಿ ಸಿಗುವ ಬಣ್ಣವಲ್ಲ. ಹೊಗೆ, ಧೂಳು, ಬಿಸಿಲು ಎಲ್ಲ ಕೂಡಿ ನೂರು ವರ್ಷದಲ್ಲಿ ಆದ ಬಣ್ಣ. ಅದನ್ನು ಇರುವೆ ಸುಣ್ಣಕ್ಕೆ ಟೀ ಡಿಕಾಕ್ಷನ್ನು ಬೆರೆಸಿ ತರುತ್ತಿದ್ದ, ಆ ಗುಟ್ಟನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಕೆಲಸ ಮುಗಿದ ಮೇಲೆ ಮನೆಯವರನ್ನು ಕೋಣೆಯ ನಡುವೆ ಕೂರಿಸಿ, "ಎಲ್ಲಿದೆ ಹುಡುಕಿ ನೋಡೋಣ" ಎನ್ನುವುದು ಅವನ ಪದ್ಧತಿ. ಅವರು ಕತ್ತು ತಿರುಗಿಸಿ ತಿರುಗಿಸಿ ಸೋತು ನಕ್ಕಾಗ ಅವನ ಮುಖಕ್ಕೊಂದು ಕಳೆ ಬರುತ್ತಿತ್ತು. ಪಾಪ, ಅವನ ಜೀವನದಲ್ಲಿ ಸಿಕ್ಕ ಶಹಬ್ಬಾಸ್‌ಗಿರಿ ಅಂದರೆ ಅಷ್ಟೇ.

ಇವತ್ತು ಮಾತ್ರ ಆ ಆಟ ಆಡುವ ಮನಸ್ಸಿರಲಿಲ್ಲ. ನಿನ್ನೆ ಕೋಣೆ ಅಳೆಯಲು ಬಂದಾಗ ಮನೆಯೊಡತಿ ಬಾಗಿಲನ್ನು ಒಳಗಿನಿಂದ ಮುಚ್ಚಿ, ತನ್ನದೇ ಮನೆಯಲ್ಲಿ ತಾನೇ ಕದ್ದು ಮಾತಾಡುವವಳಂತೆ ಮಾತಾಡಿದ್ದಳು. ಐವತ್ತರ ಹೆಂಗಸು, ಈ ಮನೆಯಲ್ಲೇ ಹುಟ್ಟಿ ಬೆಳೆದವಳು. ಕೋಣೆಯ ತುಂಬ ಅವಳ ತಂದೆ ಕೂಡಿಟ್ಟ ಗಡಿಯಾರಗಳು. ಗೋಡೆಯ ಮೇಲೆ, ಮೇಜಿನ ಮೇಲೆ, ಆಳೆತ್ತರದ್ದು ಒಂದು ಮೂಲೆಯಲ್ಲಿ, ಒಟ್ಟು ಹನ್ನೊಂದು. ಗಾಜಿನ ಕಪಾಟಿನಲ್ಲಿ ಕಿಸೆ ಗಡಿಯಾರಗಳು ಬೇರೆ, ಹತ್ತಿದ್ದವು. ಹೋದ ತಿಂಗಳು ಒಂಬತ್ತಾದವು. ನೀಲಿ ಮುಚ್ಚಳದ್ದು ಕಾಣೆ. ಕಪಾಟಿನ ಬೀಗದ ಕೈ ಇರುವುದು ಇಬ್ಬರ ಹತ್ತಿರ, ಒಂದು ಅವಳದ್ದು, ಇನ್ನೊಂದು ಪ್ರತಿ ಗುರುವಾರ ಬಂದು ಗಡಿಯಾರಗಳಿಗೆಲ್ಲ ಕೀ ಕೊಟ್ಟು ಹೋಗುವ ಮುದುಕರದ್ದು. "ಇಡೀ ಮನೆಗೆ ಹಾಕ್ಸು ಅಂತಾರೆ ನಮ್ಮೆಜಮಾನ್ರು. ನಂಗೆ ಬೇಡ. ನಂಗೆ ಈ ಒಂದು ಕಪಾಟು ಕಂಡ್ರೆ ಸಾಕು," ಎಂದಿದ್ದಳು. "ನಾನು ಆರು ವರ್ಷದವಳಿದ್ದಾಗಿಂದ ಬರ್ತಿದಾರೆ ಕಣ್ರೀ. ಕೀ ಮಾಮ ಅಂತ ಹೆಸರಿಟ್ಟಿದ್ದೇ ನಾನು. ಈಗ ಹೋಗಿ ಹೇಗೆ ಕೇಳ್ಲಿ, ಮಾಮ, ನೀವೇನಾದ್ರೂ ಎತ್ಕೊಂಡ್ರಾ ಅಂತ? ನಾಲಿಗೆ ಏಳುತ್ತಾ? ಅವರಲ್ಲ ಅಂತ ಆಗ್ಬಿಟ್ರೆ ಸಾಕಪ್ಪ. ಹೌದು ಅಂತಾದ್ರೂ ಪೊಲೀಸು ಗಿಲೀಸು ಏನೂ ಬೇಡ. ನಾಳೆಯಿಂದ ಬರ್ಬೇಡಿ ಅಂತ ಮರ್ಯಾದೆಯಾಗಿ ಕಳಿಸಿಬಿಡ್ತೀನಿ." ಬಾಗಿಲು ತೆರೆಯುವ ಮುಂಚೆ ಇನ್ನೊಂದು ಮಾತು ಸೇರಿಸಿದ್ದಳು. "ಮಾಮ ಕೇಳಿದ್ರೆ ಲೈಟಿನ ಕೆಲಸ ಅನ್ನಿ."

ಕಳ್ಳರಿಗಾಗಿ ಎಂದು ಕಂಪನಿಯ ಪುಸ್ತಕದಲ್ಲಿ ಬರೆದಿರುತ್ತಾರೆ, ಸರಿ. ಇರುವೆ ಕಂಡಂತೆ ಕ್ಯಾಮೆರಾ ಬರುವುದು ಬಾಯಿ ಬಿಟ್ಟು ಕೇಳಲಾರದವರ ಮನೆಗೆ. ಮಗನನ್ನು ಕೇಳಲಾರದ ಅಪ್ಪ, ಅಡುಗೆಯವಳನ್ನು ಕೇಳಲಾರದ ಯಜಮಾನಿ, ಅಣ್ಣನನ್ನು ಕೇಳಲಾರದ ತಮ್ಮ. ಅಥವಾ ಅಕ್ಕನನ್ನು. ಥೂ, ಅದೇಕೆ ಈಗ ನೆನಪಾಗಬೇಕು? ಗಾರೆಯ ಪುಡಿ ಕಣ್ಣಿಗೆ ಬಿದ್ದು ಅವನು ತೋಳಿಂದ ಒರೆಸಿಕೊಂಡ. ಹಿಂದೊಮ್ಮೆ ತನ್ನದೇ ಅಡುಗೆಮನೆಯ ಗವಾಕ್ಷಿಯಲ್ಲಿ ಅವನು ಕ್ಯಾಮೆರಾ ಇಟ್ಟಿದ್ದು ಹೆಂಡತಿಗೂ ಗೊತ್ತಿರಲಿಲ್ಲ. ಅಕ್ಕ ಗಂಡ ಸತ್ತು ಇವನ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ತಾಯಿಯಿಲ್ಲದ ಇವನನ್ನು ಎತ್ತಿ ಆಡಿಸಿ, ಮೂಗು ಒರೆಸಿ, ಬೆಳೆಸಿದವಳು. ಹೆಂಡತಿಯ ಒಂದು ಕಿವಿಯೋಲೆ ಕಾಣದಾಯಿತು. ಹೆಂಡತಿ ಬಾಯಿಬಿಟ್ಟು ಏನೂ ಅನ್ನಲಿಲ್ಲ, ಅಕ್ಕ ಕೋಣೆಗೆ ಬಂದರೆ ಡ್ರಾಯರು ಮುಚ್ಚತೊಡಗಿದಳು, ಅಷ್ಟೇ. ಅಕ್ಕ ತೆಗೆದಿಲ್ಲವೆಂದು ತೋರಿಸಿಬಿಡೋಣವೆಂದೇ, ಅವಳು ಹಗಲೆಲ್ಲ ಇರುತ್ತಿದ್ದ ಅಡುಗೆಮನೆಯಲ್ಲಿ ಅವನು ಅದನ್ನಿಟ್ಟದ್ದು. ಹಾಗೆಂದು ಇವತ್ತಿಗೂ ತನಗೆ ತಾನೇ ಹೇಳಿಕೊಳ್ಳುತ್ತಾನೆ. ಒಂಬತ್ತು ದಿನ, ಯಾರದೋ ಮನೆಯ ಏಣಿಯ ಮೇಲೆ ಕೂತು ಫೋನಿನಲ್ಲಿ ಅಕ್ಕನನ್ನು ನೋಡಿದ. ಅಕ್ಕ ತಟ್ಟೆ ಹಿಡಿದು ನಿಂತುಕೊಂಡೇ ಉಣ್ಣುತ್ತಿದ್ದಳು, ಯಾರಾದರೂ ಬಂದರೆ ತಟ್ಟನೆ ಇಡಲು ಬರುವ ಹಾಗೆ. ಒರೆಸಿದ ಒಲೆಯನ್ನೇ ಮತ್ತೆ ಒರೆಸುತ್ತಿದ್ದಳು. ಐದನೆಯ ದಿನ ಒಬ್ಬಳೇ ನಿಂತು ಮಾತಾಡಿದಳು: "ನಂಗೊಂದು ಜೊತೆ ಚಪ್ಪಲಿ ಬೇಕಿತ್ತು ಕಣೋ." ತಲೆ ಆಡಿಸಿ, ಸರಿಬರಲಿಲ್ಲವೆಂಬಂತೆ ಇನ್ನೊಮ್ಮೆ: "ಚಪ್ಪಲಿ ಕಿತ್ತೋಗಿದೆ ಮಾರಾಯ, ಹೋಗ್ಲಿ ಬಿಡು, ಅರ್ಜೆಂಟೇನಿಲ್ಲ." ಮತ್ತೊಮ್ಮೆ, ನಗುತ್ತ, ತಮಾಷೆಗೆಂಬಂತೆ. ಸಂಜೆ ಅವನು ಮನೆಗೆ ಹೋದಾಗ ಅಕ್ಕ ಕೇಳುತ್ತಾಳೆಂದು ಕಾದ. ಕೇಳಲಿಲ್ಲ. ಮರುದಿನವೂ ಕೇಳಲಿಲ್ಲ. ತಾನಾಗಿ ತರೋಣವೆಂದರೆ, ನಿಂಗೆ ಹೇಗೆ ಗೊತ್ತಾಯಿತು ಎಂದರೆ? ತಡೆಯಲಾರದೆ ಒಂದು ದಿನ ತಂದೇಬಿಟ್ಟ. ಒಂದು ಕೊಂಡರೆ ಒಂದು ಫ್ರೀ ಇತ್ತು ಅಕ್ಕಾ, ಎಂದು ಹಲ್ಲು ಬಿಟ್ಟ. ಅಕ್ಕ ಚಪ್ಪಲಿಯನ್ನು ನೋಡಿದಳು, ಅವನ ಮುಖ ನೋಡಿದಳು, ಆಮೇಲೆ ನಿಧಾನವಾಗಿ ಕತ್ತೆತ್ತಿ ನೇರವಾಗಿ ಗವಾಕ್ಷಿಯನ್ನು ನೋಡಿದಳು. ಧೂಳು ಹೊಡೆಯುವಾಗ ಎಂದೋ ಕಂಡಿದ್ದಳೋ, ಆಗಲೇ ಹೊಳೆಯಿತೋ. ಒಂದು ವಾರದಲ್ಲಿ ಯಾವುದೋ ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತೆಂದು ಹೊರಟಳು. ಹೊಸ ಚಪ್ಪಲಿ ಬಾಗಿಲ ಹತ್ತಿರ ಜೋಡಿಸಿಟ್ಟ ಹಾಗೇ ಇತ್ತು. ಓಲೆ ಆಮೇಲೆ ದಿಂಬಿನ ಚೀಲದ ಹೊಲಿಗೆಯಲ್ಲಿ ಸಿಕ್ಕಿತು. ಅವನೊಳಗೆ ಏನೋ ಒಂದು ಆವತ್ತಿನಿಂದ ನೆಟ್ಟಗಾಗಿಲ್ಲ. ಅಕ್ಕನಿಗೆ ಫೋನು ಮಾಡಿದರೆ ಊಟ ಆಯಿತಾ ಎನ್ನುತ್ತಾಳೆ, ಆಯಿತು ಎನ್ನುತ್ತಾನೆ.

"ಯಾರಪ್ಪ ಅದು ಮೇಲೆ?" ಎಂದು ಕೆಳಗಿನಿಂದ ದನಿ ಬಂದಾಗ ಅವನ ಜೀವ ಬಾಯಿಗೆ ಬಂತು. ಕೀ ಮಾಮ ಬಾಗಿಲಲ್ಲಿ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಹೆಗಲಿಗೆ ಚರ್ಮದ ಚೀಲ, ತೆಳ್ಳಗೆ ನೆಟ್ಟಗೆ ಇದ್ದ ಎಪ್ಪತ್ತು ದಾಟಿದ ಮೈ. ಮುಖವೆತ್ತಿ ಏಣಿಯ ಕಡೆಗೇ ನೋಡುತ್ತಿದ್ದರು, ಆದರೆ ನೋಟ ಇವನ ಹೆಗಲ ಪಕ್ಕದಲ್ಲೆಲ್ಲೋ ಹಾದು ಹೋಗುತ್ತಿತ್ತು. ವಯಸ್ಸಾದವರು, ಮೆಳ್ಳೆಗಣ್ಣಿರಬೇಕು ಎಂದುಕೊಂಡ ಇರುವೆ.

"ಲೈಟಿನವನು, ಯಜಮಾನ್ರೇ."

"ಲೈಟಾ? ಒಳ್ಳೇದಾಯ್ತು ಬಿಡು, ಕತ್ಲೆ ಕೋಣೆ ಇದು. ಏಣಿ ಕಾಲು ಎಲ್ಲಿಟ್ಟಿದ್ದೀಯ? ದೊಡ್ಡ ಗಡಿಯಾರಕ್ಕೆ ತಾಗಿಸ್ಬೇಡ ಮಾರಾಯ. ಅದಕ್ಕೆ ಮೂಗಿನ ತುದೀಲಿ ಕೋಪ. ಒಂದು ಸಲ ನಿಂತ್ರೆ ಮೂರು ದಿನ ಮುನಿಸ್ಕೊಳ್ಳುತ್ತೆ."

ಇರುವೆಗೆ ನಗು ಬಂತು. ಈಗ ಮಾಡಬೇಕಾದ್ದು ಕೆಲಸದಲ್ಲಿ ಎಲ್ಲಕ್ಕಿಂತ ಕೀಳಾದ ಭಾಗ. ಕ್ಯಾಮೆರಾ ಕೂರಿಸಿದರಾಗಲಿಲ್ಲ, ಅದರ ಕೆಳಗೆ ಯಾರಾದರೂ ಓಡಾಡಬೇಕು, ಕೈ ಆಡಿಸಬೇಕು. ಮುಖ ಕಂಡು ಕೈ ಕಾಣದಿದ್ದರೆ ಕೂದಲೆಳೆಯಷ್ಟು ತಿರುಗಿಸಬೇಕು. ಸಾಮಾನ್ಯವಾಗಿ ಮನೆಯವರೇ ಓಡಾಡುತ್ತಾರೆ. ಆದರೆ ಯಾರ ಮೇಲೆ ಕಣ್ಣಿಡಬೇಕೋ ಅವರೇ ಓಡಾಡಿ ತೋರಿಸಿದರೆ ಇನ್ನೂ ಚೆನ್ನ. ಅವರ ಎತ್ತರ, ಅವರು ನಿಲ್ಲುವ ಜಾಗ, ಬಾಗುವ ರೀತಿ ಎಲ್ಲಕ್ಕೂ ಹೊಂದುತ್ತದೆ. ದರ್ಜಿ ಅಳತೆ ತೆಗೆದುಕೊಂಡ ಹಾಗೆ. ಇದನ್ನು ಕಂಪನಿಗೆ ಸೇರುವ ಹೊಸಬರಿಗೆ ಹೇಳಿಕೊಟ್ಟವನೂ ಅವನೇ.

"ಯಜಮಾನ್ರೇ, ನೀವು ವಾರ ವಾರ ಮಾಡೋ ಹಾಗೇ ಮಾಡ್ತಾ ಹೋಗಿ," ಎಂದ. "ನಿಮ್ಮ ನೆರಳು ಎಲ್ಲಿ ಬೀಳುತ್ತೆ ನೋಡ್ಕೋಬೇಕು. ನೆರಳು ಬೀಳದ ಹಾಗೆ ಲೈಟು ಕೊಡ್ತೀನಿ."

ಮುದುಕರ ಮುಖ ಅರಳಿತು. ಐವತ್ತು ವರ್ಷದಲ್ಲಿ ನಿನ್ನ ಕೆಲಸ ತೋರಿಸು ಎಂದು ಅವರನ್ನು ಯಾರೂ ಕೇಳಿದ್ದಿಲ್ಲವೆಂದು ಕಾಣುತ್ತದೆ. "ಓಹೋ, ಅದಕ್ಕೇನಂತೆ," ಎಂದು ಅಂಗಿಯ ತೋಳು ಮಡಚಿಕೊಂಡು, ಮದುವೆ ಗಂಡಿನ ಗತ್ತಿನಲ್ಲಿ ಮೂಲೆಯ ಗಡಿಯಾರದತ್ತ ನಡೆದರು. ಒಂದೊಂದನ್ನೂ ಪರಿಚಯ ಮಾಡಿಕೊಡತೊಡಗಿದರು. ಇದು ಹದಿನಾಲ್ಕು ಸುತ್ತು ತಗೊಳ್ಳುತ್ತೆ, ಹದಿನೈದು ಕೊಟ್ರೆ ಬಿಕ್ಕಳಿಸುತ್ತೆ. ಇದು ಚಳಿ ಬಂದ್ರೆ ಸೋಮಾರಿ. ಇದು ಅಮ್ಮಾವ್ರ ತಂದೆ ತೀರ್ಕೊಂಡಾಗ ನಿಲ್ಸಿದ್ರು, ನಾನೇ ಹದಿಮೂರನೇ ದಿನ ಮತ್ತೆ ಹೊರಡ್ಸಿದ್ದು. ಇರುವೆ ಏಣಿಯ ಮೇಲೆ ಕೂತು ಫೋನಿನ ಪರದೆ ನೋಡಿದ. ಚಿತ್ರ ಚೊಕ್ಕವಾಗಿತ್ತು. ಬೆರಳಿನ ಗಂಟುಗಳು ಕೂಡ ಕಾಣುತ್ತಿದ್ದವು.

ಬೆರಳುಗಳು ಕಾಣುತ್ತಿದ್ದರಿಂದಲೇ ಅವನಿಗೆ ವಿಚಿತ್ರವೆನ್ನಿಸಿತು. ಕೋಣೆಯಲ್ಲಿ ಬರಿಗಣ್ಣಿಗೆ ಅದು ಹಳೆಯ ಕಸುಬಿನವನ ನಯವಾದ ಕೈಚಳಕ. ಪರದೆಯ ಮೇಲೆ ಹತ್ತಿರದಿಂದ ನೋಡಿದರೆ ಬೇರೆಯೇ. ಪ್ರತಿ ಗಡಿಯಾರದ ಮುಂದೆ ನಿಲ್ಲುವ ಮುಂಚೆ ಕೈಯ ಹಿಂಬದಿ ಮೇಜಿನಂಚನ್ನೋ ಗೋಡೆಯನ್ನೋ ಮುಟ್ಟಿ ಹೋಗುತ್ತಿತ್ತು. ಗಾಜಿನ ಬಾಗಿಲು ತೆರೆದು ಕಿರುಬೆರಳ ಉಗುರಿನಿಂದ ಮುಳ್ಳನ್ನು ಸವರುತ್ತಿದ್ದರು. ಎಡಗೈ ಜೇಬಿನಿಂದ ತಮ್ಮದೇ ಒಂದು ಗಡಿಯಾರ ತೆಗೆದು ಅದರ ಮುಳ್ಳನ್ನೂ ಸವರುತ್ತಿತ್ತು, ಅದಕ್ಕೆ ಗಾಜೇ ಇರಲಿಲ್ಲ. ಕೀಯ ತೂತನ್ನು ಹೆಬ್ಬೆರಳು ಮೊದಲು ಹುಡುಕುತ್ತಿತ್ತು, ಆಮೇಲೆ ಕೀ ಹೋಗುತ್ತಿತ್ತು. ಮುಖ ಮಾತ್ರ ಯಾವಾಗಲೂ ಬೇರೆ ಕಡೆ, ಕಿಟಕಿಯ ಕಡೆಗೋ ಇವನ ಕಡೆಗೋ, ಮಾತಿನಲ್ಲಿ ಮುಳುಗಿದವರ ಹಾಗೆ. ಮುಖ ಮಾಡುವ ನಾಟಕವನ್ನು ಬೆರಳಿಗೆ ಮಾಡಲು ಬರುವುದಿಲ್ಲ. ಇರುವೆ ಒಂದು ಕೈ ಮೇಲೆತ್ತಿ ಬೀಸಿದ. ಮುದುಕರು ಅವನ ಕಡೆಗೇ ಮುಖ ಮಾಡಿ, ಗಡಿಯಾರದ ಎಣ್ಣೆಯ ವಿಷಯ ಹೇಳುತ್ತಲೇ ಇದ್ದರು. ಅಯ್ಯೋ ದೇವರೇ, ಈ ಮನುಷ್ಯನಿಗೆ ಕಣ್ಣು ಕಾಣುವುದಿಲ್ಲ.

ಒಂಬತ್ತು ದೊಡ್ಡ ಗಡಿಯಾರ ಮುಗಿಸಿ, ಕಪಾಟಿನಾಚೆಯ ಎರಡನ್ನು ಕೊನೆಗೆಂದು ಬಿಟ್ಟು, ಮಾಮ ಕಪಾಟಿಗೆ ಬಂದರು. ಬೀಗ ತೆಗೆದು, ಚೀಲದಿಂದ ಹಳದಿ ಬಟ್ಟೆಯೊಂದನ್ನು ಮೇಜಿನ ಮೇಲೆ ಹಾಸಿ, ಕಿಸೆ ಗಡಿಯಾರಗಳನ್ನೆಲ್ಲ ಅದರ ಮೇಲಿಟ್ಟು, ಒಂದೊಂದಕ್ಕೂ ಕೀ ಕೊಟ್ಟು, ಒರೆಸಿ, ಕಿವಿಗಿಟ್ಟು ಕೇಳಿ, ವಾಪಸು ಕಪಾಟಿನಲ್ಲಿ ಇಡತೊಡಗಿದರು. ಮಾತು ನಿಂತಿತ್ತು, ತುಟಿ ಮಾತ್ರ ಅಲ್ಲಾಡುತ್ತ ಸುತ್ತಿನ ಲೆಕ್ಕ ಹಾಕುತ್ತಿತ್ತು. ಬಟ್ಟೆಯ ಒಂದು ಮೂಲೆ ಮಡಚಿಕೊಂಡಿತ್ತು, ಆ ಮಡಿಕೆಯೊಳಗೆ ಒಂದು ಜಾರಿ ಕೂತಿತು. ಎಂಟನೆಯದನ್ನು ಇಟ್ಟಾದ ಮೇಲೆ ಮಾಮ ಬಟ್ಟೆಯನ್ನು ಎರಡು ಮಡಿಕೆ ಮಾಡಿ, ಸುತ್ತಿ, ಚೀಲಕ್ಕೆ ಹಾಕಿದರು.

ಸಿಕ್ಕಿಬಿದ್ದ! ಇರುವೆಯ ಎದೆಯಲ್ಲಿ ಮೊದಲು ಎದ್ದದ್ದು ಆ ಮಾತು, ಅದೂ ಎಂಥ ಹಿಗ್ಗಿನಿಂದ. ಹಾಕಿದ ಅರ್ಧ ಗಂಟೆಗೇ ಕ್ಯಾಮೆರಾ ಕೆಲಸ ತೋರಿಸಿತ್ತು, ಮನೆಯೊಡತಿಯನ್ನು ಈಗಲೇ ಕರೆದು ತೋರಿಸಬಹುದು, ಕಂಪನಿಯಲ್ಲಿ ವರ್ಷಗಟ್ಟಲೆ ಹೇಳಿಕೊಳ್ಳಬಹುದು. ಆ ಹಿಗ್ಗು ಒಂದು ಉಸಿರಿನಷ್ಟು ಹೊತ್ತೂ ಇರಲಿಲ್ಲ, ಆದರೆ ಬಂದದ್ದು ಬಂದಿತ್ತು. ಪರದೆಯ ಮೇಲೆ ಆ ಬೆರಳುಗಳು ಈಗ ಕಪಾಟಿನೊಳಗೆ ಓಡಾಡುತ್ತಿದ್ದವು. ಒಂದು, ಎರಡು, ಮೂರು. ಎಂಟಕ್ಕೆ ನಿಂತವು. ಮತ್ತೆ ಮೊದಲಿನಿಂದ. ಕಪಾಟಿನ ಮೂಲೆ, ಹಿಂಬದಿ, ಮೇಜಿನ ಮೇಲೆ, ಮೇಜಿನ ಕೆಳಗೆ ಕಾರ್ಪೆಟ್ಟಿನ ಮೇಲೆ. ಮುದುಕರು ಮಂಡಿಯೂರಿ, ಮುಖ ಮಾತ್ರ ಸುಮ್ಮನೆ ನಗುತ್ತಿರುವ ಹಾಗೆ ಇಟ್ಟುಕೊಂಡು, ಎರಡೂ ಕೈಯಿಂದ ನೆಲ ತಡಕುತ್ತಿದ್ದರು. ಗಾರೆ ಹೂವಿನಲ್ಲಿ ಕೂತ ಕಣ್ಣು ಅದನ್ನೆಲ್ಲ ತಣ್ಣಗೆ ನುಂಗುತ್ತಿತ್ತು. ನೋಡಲಾಗಲಿಲ್ಲ ಅವನಿಗೆ. ಏಣಿ ಇಳಿದ.

"ಯಜಮಾನ್ರೇ, ನಿಮ್ಮ ಬಟ್ಟೇಲಿದೆ."

"ಏನಪ್ಪ?"

"ಒಂಬತ್ತನೇದು. ಹಳದಿ ಬಟ್ಟೆ ಬಿಚ್ಚಿ."

ಮಾಮ ಎದ್ದು, ಚೀಲ ತೆರೆದು, ಬಟ್ಟೆ ಬಿಚ್ಚಿದರು. ಗಡಿಯಾರ ಅಂಗೈಗೆ ಬಿತ್ತು. ಹೆಬ್ಬೆರಳಿನಿಂದ ಅದರ ಮುಚ್ಚಳ ಸವರಿದರು. ಕಿವಿಯ ತುದಿ ಕೆಂಪಾಗಿತ್ತು. ಆಮೇಲೆ ಅವರು ಕೇಳಿದ್ದು ಗಡಿಯಾರದ ವಿಷಯವನ್ನಲ್ಲ. "ನೀನು ಅಷ್ಟು ಎತ್ತರದಲ್ಲಿದ್ದೆ. ಅಲ್ಲಿಂದ ಈ ಮಡಿಕೆ ಒಳಗೆ ಹೇಗಪ್ಪ ಕಂಡಿತು ನಿಂಗೆ?"

ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಯಲ್ಲಿ ಎರಡು ಮೂರು ಸುಳ್ಳು ಸಾಲಾಗಿ ನಿಂತೂ ಇದ್ದವು. "ಲೈಟಲ್ಲ, ಕ್ಯಾಮೆರಾ," ಎಂದ ಇರುವೆ. "ಆ ಗಾರೆ ಹೂವಲ್ಲಿ ಇಟ್ಟಿದೀನಿ. ನಿಮ್ಮನ್ನ ನೋಡೋಕೇ ಇಟ್ಟಿದ್ದು. ಹೋದ ತಿಂಗಳು ನೀಲಿ ಮುಚ್ಚಳದ್ದು ಒಂದು ಕಾಣೆಯಾಗಿದೆಯಂತೆ. ಅಮ್ಮಾವ್ರಿಗೆ ನಿಮ್ಮನ್ನ ಕೇಳೋಕಾಗ್ಲಿಲ್ಲ."

ಮಾಮ ಕುರ್ಚಿಯನ್ನು ಕೈಯಿಂದ ಹುಡುಕಿ ಕೂತರು. ಈಗ ಆ ಹುಡುಕಾಟವನ್ನು ಮುಚ್ಚಿಡಲು ಹೋಗಲಿಲ್ಲ. "ಒಂಬತ್ತೇ ಇದ್ದಾಗ ಅಮ್ಮಾವ್ರೇ ಒಂದು ಎತ್ತಿಟ್ಕೊಂಡಿದಾರೆ ಅಂದ್ಕೊಂಡೆ ಕಣಪ್ಪ. ಕೇಳೋಣ ಅಂದ್ರೆ, ಯಾವ ಬಣ್ಣದ್ದು ಮಾಮ ಅಂತ ತಿರುಗಿ ಕೇಳಿದ್ರೆ ಏನು ಹೇಳ್ಲಿ? ಸುಮ್ನಾದೆ." ಕೈಯಲ್ಲಿದ್ದ ಗಡಿಯಾರವನ್ನು ಕಿವಿಗಿಟ್ಟುಕೊಂಡರು. "ಹೋದ ತಿಂಗಳು ಒಂದು ದಿನ ನಮ್ಮ ಮನೇಲಿ ಎಲ್ಲೋ ಟಿಕ್ ಟಿಕ್ ಅಂತಿತ್ತು. ಎಣ್ಣೆ ಬಟ್ಟೆ ಹಾಕೋ ಡಬ್ಬಿ ಕಡೆಯಿಂದ. ಮಾರನೇ ದಿನಕ್ಕೆ ನಿಂತುಹೋಯ್ತು. ಇಲ್ಲದ್ದೆಲ್ಲ ಕೇಳ್ಸೋಕೆ ಶುರುವಾಯ್ತು, ಕಣ್ಣಾಯ್ತು, ಇನ್ನು ಕಿವಿನೂ ಹೋಗೋ ಕಾಲ ಬಂತು ಅಂತ ಊಟ ಸೇರ್ಲಿಲ್ಲ ನಂಗೆ. ಆ ನೀಲೀದೇ ಅದು. ಅಲ್ಲೇ ಇದೆ, ಡಬ್ಬೀಲೇ."

"ಬಿಡಿ ಹಾಗಾದ್ರೆ, ಮುಗೀತಲ್ಲ!" ಇರುವೆ ಫೋನು ಮೇಲೆತ್ತಿದ. "ಎಲ್ಲ ಇದರಲ್ಲಿ ಬಂದಿದೆ. ಅದು ಬಟ್ಟೆಗೆ ಜಾರಿದ್ದು, ನೀವು ಹುಡುಕಿದ್ದು. ಅಮ್ಮಾವ್ರಿಗೆ ಇದನ್ನ ತೋರಿಸ್ತೀನಿ. ಕದ್ದಿಲ್ಲ ಅಂತ ಗೊತ್ತಾಗುತ್ತೆ."

"ಬೇಡ."

"ಅಲ್ಲ ಯಜಮಾನ್ರೇ..."

"ಬೇಡ ಅಂದ್ನಲ್ಲಪ್ಪ. ಹುಡುಕಿದ್ದು ಕಾಣುತ್ತೆ ಅಂದ್ರೆ ಕುರುಡ ಅನ್ನೋದೂ ಕಾಣುತ್ತೆ ತಾನೆ?" ಅವರು ದನಿ ತಗ್ಗಿಸಿದರು. "ಕಳ್ಳ ಅಂತ ಬೇಕಾದ್ರೆ ಅಂದ್ಕೊಳ್ಳಲಿ. ಕಳ್ಳ ಅಂದ್ರೆ ಈ ಮನೆ ಒಂದು ಹೋಗುತ್ತೆ. ಆ ತಾಯಿ ಯಾರ ಹತ್ರನೂ ಬಾಯಿ ಬಿಡೋಳಲ್ಲ. ಕುರುಡ ಅಂದ್ರೆ ಅಯ್ಯೋ ಪಾಪ ಅಂತ ಊರಿಗೆಲ್ಲ ಹೇಳ್ತಾರೆ. ಇನ್ನೂ ಐದು ಮನೇಲಿ ಕೀ ಕೊಡ್ತೀನಿ ನಾನು. ಮಗಳಿಗೆ ಗೊತ್ತಾದ್ರೆ ಮೂಲೇಲಿ ಕೂರಿಸಿ ಕೈಗೆ ಊಟ ಕೊಡ್ತಾಳೆ. ಅಳಿಸಿಬಿಡಪ್ಪ, ನಿನ್ನ ಕಾಲಿಗೆ ಬೀಳ್ತೀನಿ."

ಅಳಿಸುವುದು ದೊಡ್ಡ ಮಾತಲ್ಲ. ಮನೆಯವರ ಕೈಗೆ ಕೊಡುವ ಮುಂಚೆ ಪರೀಕ್ಷೆಗೆ ಹಿಡಿದದ್ದನ್ನೆಲ್ಲ ಅಳಿಸಿಯೇ ಕೊಡುವುದು ವಾಡಿಕೆ; ತನ್ನ ಮುಖ, ಏಣಿ, ಟೀ ಡಿಕಾಕ್ಷನ್ನಿನ ಡಬ್ಬಿ, ಎಲ್ಲ. ಬೆರಳು ಒತ್ತಿದರೆ ಆಯಿತು. ಆದರೆ ಬರುವ ಗುರುವಾರ? ಆಗ ಪರದೆಯ ಮುಂದೆ ಇವನಿರುವುದಿಲ್ಲ, ಮನೆಯೊಡತಿ ಇರುತ್ತಾಳೆ. ಅದನ್ನು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು, ಮನೆಯೊಡತಿ ಬಾಗಿಲಿಗೆ ಬಂದಳು. "ಎಲ್ಲ ಮುಗೀತಾ?" ಎಂದವಳು ಇಬ್ಬರ ಮುಖವನ್ನೂ ನೋಡಿ ಅಲ್ಲೇ ನಿಂತಳು. ಮೇಜಿನ ಮೇಲೆ ಬಿಚ್ಚಿದ ಬಟ್ಟೆ, ಮಾಮನ ಕೈಯಲ್ಲಿ ಗಡಿಯಾರ.

ಮಾಮ ಎದ್ದು ನಿಂತರು. "ಆ ನೀಲೀದು ನಾನೇ ತಗೊಂಡಿದ್ದು ತಾಯಿ," ಎಂದರು. ದನಿ ಗಟ್ಟಿಯಾಗಿತ್ತು, ಶಾಲೆಯಲ್ಲಿ ಬಾಯಿಪಾಠ ಒಪ್ಪಿಸುವ ಹಾಗೆ. "ಇದನ್ನೂ ತಗೊಂಡಿದ್ದೆ, ಇವನು ನೋಡ್ಬಿಟ್ಟ. ಆಸೆ ಆಯ್ತು. ನಾಳೆ ತಂದುಕೊಡ್ತೀನಿ. ಆಮೇಲೆ ಬರಲ್ಲ."

ಮನೆಯೊಡತಿಯ ಮುಖ ಚಿಕ್ಕ ಹುಡುಗಿಯದಾಗಿ ಹೋಯಿತು. "ಕೇಳಿದ್ರೆ ಕೊಟ್ಟುಬಿಡ್ತಿದ್ನಲ್ಲ ಮಾಮ," ಎಂದಳು, "ಅಷ್ಟೂ ಕೊಟ್ಟುಬಿಡ್ತಿದ್ದೆ." ಇರುವೆಗೆ ನೆಲಕ್ಕಿಳಿದು ಹೋಗಬಾರದೇ ಎನ್ನಿಸಿತು. ಅವನು ಮಾಡಬೇಕಾದ್ದು ಸುಮ್ಮನಿರುವುದು, ಅಷ್ಟೇ. ಸುಮ್ಮನಿರುವುದೇ ಅವನ ಕಸುಬು. ಗೋಡೆಯೊಳಗೆ ಹೋಗಿ, ಗೋಡೆಯ ಬಣ್ಣ ಬಳಿದುಕೊಂಡು, ಯಾರ ಕಣ್ಣಿಗೂ ಬೀಳದೆ ಇರುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಮುದುಕರು ಬೇಡಿಕೊಂಡದ್ದೂ ಅದನ್ನೇ. ಅವರ ಮಾನ, ಅವರ ಲೆಕ್ಕ, ಅವರೇ ಆರಿಸಿಕೊಂಡದ್ದು, ನಡುವೆ ಬಾಯಿ ಹಾಕಲು ಇವನ್ಯಾರು? ಇಷ್ಟೆಲ್ಲ ನ್ಯಾಯವಾಗಿಯೇ ತೋರುತ್ತಿರುವಾಗ ಅವನ ಬಾಯಿ ಆಡಿಬಿಟ್ಟಿತ್ತು.

"ಸುಳ್ಳು ಹೇಳ್ತಿದಾರೆ ಅಮ್ಮಾ. ಅವ್ರು ಕದ್ದಿಲ್ಲ. ಬಟ್ಟೆ ಜೊತೆ ಹೋಗಿದೆ, ಅವ್ರಿಗೇ ಗೊತ್ತಿಲ್ಲ. ಅವ್ರಿಗೆ ಕಣ್ಣು ಕಾಣ್ಸಲ್ಲ."

ಅವನು ಫೋನನ್ನು ಮುಂದೆ ಚಾಚಿದ. ಆಕೆ ಅದನ್ನು ನೋಡಲೇ ಇಲ್ಲ. ಮಾಮನ ಮುಖ ನೋಡುತ್ತಿದ್ದಳು. ಮಾಮ ಇವನ ಕಡೆ, ಇವನ ಹೆಗಲ ಪಕ್ಕಕ್ಕೆ, ಮುಖ ತಿರುಗಿಸಿ, "ನಿನ್ನ ಯಾರಪ್ಪ ಕೇಳಿದ್ರು?" ಎಂದರು. ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಸುಸ್ತಾದವರು ಕೇಳುವಂತೆ ಕೇಳಿದರು, ಅದು ಅವನ ಎದೆಗೆ ಚುಚ್ಚಿತು.

"ಎಷ್ಟು ದಿನದಿಂದ ಮಾಮ?"

"ಎರಡು ವರ್ಷ ಆಯ್ತು. ಈ ವರ್ಷ ಪೂರ್ತಿ ಹೋಗಿದೆ."

ಆಕೆ ಸುತ್ತ ನೋಡಿದಳು. ಮೂಲೆಯ ಆಳೆತ್ತರದ್ದು, ಗೋಡೆಯವು, ಮೇಜಿನವು. "ಎರಡು ವರ್ಷದಲ್ಲಿ ಇವು ಒಂದು ದಿನವೂ ತಪ್ಪಿಲ್ಲವಲ್ಲ ಮಾಮ."

"ತಪ್ಪಿಲ್ಲ. ನೀವು ನೋಡ್ತಿರ್ಲಿಲ್ಲ, ಅದಕ್ಕೇ ತಪ್ಪಿಲ್ಲ," ಎಂದರು ಮಾಮ. "ಇನ್ಮೇಲೆ ನೋಡ್ತೀರ. ಮಾಮ ಎಡವ್ತಾನೇನೋ, ಒಡೆದು ಹಾಕ್ತಾನೇನೋ ಅಂತ ಬಾಗಿಲಲ್ಲಿ ಉಸಿರು ಹಿಡ್ಕೊಂಡು ನಿಲ್ತೀರ. ನಂಗದು ಕೇಳ್ಸುತ್ತೆ ತಾಯಿ. ಕೈ ನಡುಗುತ್ತೆ. ಎರಡೇ ವಾರಕ್ಕೆ ಹನ್ನೊಂದೂ ತಪ್ಪುತ್ತೆ, ನೋಡ್ತಿರಿ."

ಮನೆಯೊಡತಿ ಮೂಗನ್ನು ಸೆರಗಿನಿಂದ ಒರೆಸಿಕೊಂಡಳು. "ನಾನು ನೋಡಲ್ಲ," ಎಂದಳು. "ಯಾರಿಗೂ ಹೇಳೋದೂ ಇಲ್ಲ. ಇನ್ನೆರಡು ಬಾಕಿ ಇರ್ಬೇಕಲ್ಲ, ಮುಗಿಸಿ ಮಾಮ." ಹೊರಡುವಾಗ ಮಾಮನ ದಾರಿಯಲ್ಲಿದ್ದ ಕುರ್ಚಿಯನ್ನು ಪಕ್ಕಕ್ಕೆ ಸರಿಸಲು ಕೈ ಚಾಚಿದಳು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಹೆಜ್ಜೆ ಸದ್ದು ಮೆಟ್ಟಿಲಿಳಿದು ದೂರವಾಗುವ ತನಕ ಮಾಮ ಕಿವಿಗೊಟ್ಟು ಕೇಳಿದರು.

ಇರುವೆ ಯಾರೂ ಹೇಳದೆ ಏಣಿ ಹತ್ತಿದ. ಎಸಳುಗಳ ನಡುವಿನಿಂದ ಕಣ್ಣನ್ನು ಕಿತ್ತು, ದಾರದಂಥ ತಂತಿಯನ್ನು ಎಳೆದು ಸುತ್ತಿ, ಸಂದಿಗೆ ಗಾರೆ ಮೆತ್ತಿ ಹೆಬ್ಬೆರಳಿನಿಂದ ತೀಡಿದ. ಇಳಿದು ಬಂದಾಗ ಮಾಮ ಅಂಗೈ ಚಾಚಿದರು. "ಕೊಡು ನೋಡೋಣ ಅದನ್ನ." ಕೊಟ್ಟ. ಹೆಬ್ಬೆರಳು ತೋರುಬೆರಳುಗಳ ನಡುವೆ ಅದನ್ನು ಉರುಳಿಸಿ ಉರುಳಿಸಿ, "ಇಷ್ಟೇನಾ?" ಎಂದರು.

"ಇಷ್ಟೇ."

"ಒಳ್ಳೇ ಕೆಲಸ," ಎಂದು ವಾಪಸು ಕೊಟ್ಟರು. ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ, ಒಬ್ಬ ಕಸುಬಿನವನು ಇನ್ನೊಬ್ಬನಿಗೆ ಹೇಳುವಂತೆ ಹೇಳಿದ್ದರು. ಅದೇ ಅವನಿಗೆ ಹೊರಲಾರದ ಹೊರೆಯಾಯಿತು. ಏಣಿ ಮಡಚಿ ಹೆಗಲಿಗೇರಿಸಿಕೊಂಡ. ಮಾಮ ಹತ್ತನೆಯ ಗಡಿಯಾರದ ಮುಂದೆ ನಿಂತು, ಕೀ ಕೈಯಲ್ಲಿ ಹಿಡಿದು, ಹಾಗೇ ಇದ್ದರು. ಬೆರಳು ಮೇಜಿನಂಚಿನ ಮೇಲಿತ್ತು, ಮುಂದೆ ಹೋಗುತ್ತಿರಲಿಲ್ಲ. ಇರುವೆ ಆ ಬೆರಳನ್ನೇ ನೋಡುತ್ತ ನಿಂತಿದ್ದ. ತಾನು ನೋಡುತ್ತಿದ್ದೇನೆಂಬುದು ಅವನಿಗೆ ತಿಳಿಯಲೂ ಇಲ್ಲ.

"ನೀನಿನ್ನೂ ಹೋಗಿಲ್ಲವಲ್ಲಪ್ಪ," ಎಂದರು ಮಾಮ, ತಿರುಗದೆ.

"ಹೊರಟೆ ಯಜಮಾನ್ರೇ."

"ಹೋಗು. ಬಾಗಿಲು ಎಳ್ಕೊಂಡು ಹೋಗು."

ಅವನು ಹೊರಗೆ ಬಂದು ಬಾಗಿಲು ಎಳೆದುಕೊಂಡ. ಏಣಿ ಹೊತ್ತುಕೊಂಡೇ, ಬರಿಯ ಗೋಡೆಗೆ ಮುಖ ಮಾಡಿ ನಿಂತ. ಒಳಗೆ ಎಷ್ಟೋ ಹೊತ್ತು ಏನೂ ಇರಲಿಲ್ಲ. ಆಮೇಲೆ ಗಡಿಯಾರದ ಕೀ ಒಂದು ಸುತ್ತು ತಿರುಗಿದ್ದು ಕೇಳಿಸಿತು.